ಹಾಡಿಯ ಕಾಡಿಗೆ ಹಾಡಿಯದೇ ಆಡಳಿತ: ಸಮುದಾಯ ಅರಣ್ಯ ಹಕ್ಕು ಪಡೆಯುವ ಸಮಗ್ರ ಮಾರ್ಗದರ್ಶಿ

ಅರಣ್ಯ ಹಕ್ಕು ಕಾಯ್ದೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೆರಡು ಎಕರೆ ಜಮೀನಿನ ಹಕ್ಕುಪತ್ರ. ಅದು ಬೇಕೇ ಬೇಕು. ಆದರೆ ಅದೇ ಕಾಯ್ದೆಯೊಳಗೆ ಅದಕ್ಕಿಂತ ದೊಡ್ಡ ಹಕ್ಕೊಂದು ಇದೆ. ತಲೆತಲಾಂತರದಿಂದ ಜೇನು ಕಿತ್ತ, ಗೆಡ್ಡೆ ಅಗೆದ, ದೇವರಿಗೆ ನಡೆದುಕೊಂಡ ಕಾಡನ್ನು ಇಡೀ ಹಾಡಿ, ಅಂದರೆ ಬುಡಕಟ್ಟು ಜನರ ಪುಟ್ಟ ಊರು, ಸೇರಿ ತಾನೇ ನೋಡಿಕೊಳ್ಳುವ, ತಾನೇ ನಿಯಮ ಮಾಡುವ ಹಕ್ಕು ಅದು. ಇದನ್ನು ಕೇಳಿ ಅರ್ಜಿ ಹಾಕಿದ ಹಾಡಿಗಳು ಕರ್ನಾಟಕದಲ್ಲಿ ಕಡಿಮೆ. ಹೇಗೆ ಕೇಳಬೇಕು ಅನ್ನುವುದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ. ಹಾಡಿಯಲ್ಲಿ ಓದು ಬರಹ ಬಲ್ಲ ಹುಡುಗ ಹುಡುಗಿಯರು, ಅವರ ಜೊತೆ ಕೆಲಸ ಮಾಡುವ ಶಿಕ್ಷಕರು, ಕಾರ್ಯಕರ್ತರು ಇದನ್ನು ಕೈಯಲ್ಲಿ ಹಿಡಿದೇ ಕೆಲಸ ಶುರು ಮಾಡಬಹುದು.

ನಮ್ಮ ರಾಜ್ಯಕ್ಕೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಇಲ್ಲಿ ಬೇರೆ ದಾರಿ ಇಲ್ಲ. ಬುಡಕಟ್ಟು ಪ್ರದೇಶಗಳ ಗ್ರಾಮ ಸಭೆಗೆ ವಿಶೇಷ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತದೆ. ಮಹಾರಾಷ್ಟ್ರ, ತೆಲಂಗಾಣ, ಒಡಿಶಾಗಳಲ್ಲಿ ಅಂಥ ಪ್ರದೇಶಗಳಿವೆ. ಕರ್ನಾಟಕದಲ್ಲಿ ಒಂದೂ ಇಲ್ಲ. ಹಾಗಾಗಿ ಜೇನುಕುರುಬರು, ಸೋಲಿಗರು, ಬೆಟ್ಟಕುರುಬರು, ಯರವರು, ಕೊರಗರು, ಸಿದ್ದಿಗಳು ತಮ್ಮ ನೆಲದ ಮೇಲೆ ಸ್ವಂತ ಆಡಳಿತ ಕೇಳಬೇಕಾದರೆ ಗಟ್ಟಿಯಾಗಿ ನಿಲ್ಲುವ ಕಾನೂನು 2006ರ ಅರಣ್ಯ ಹಕ್ಕು ಕಾಯ್ದೆಯೇ.

ಇದು ಸಾಧ್ಯ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟವನ್ನು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಸೋಲಿಗರ 25 ಗ್ರಾಮ ಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಹಕ್ಕಿಗೆ ಮನ್ನಣೆ ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ‘ಅಭಯಾರಣ್ಯದಲ್ಲಿ ಈ ಕಾಯ್ದೆ ನಡೆಯಲ್ಲ’ ಎಂದು ಯಾರಾದರೂ ಹೇಳಿದರೆ ಬಿಳಿಗಿರಿರಂಗನ ಬೆಟ್ಟದ ಹೆಸರು ಹೇಳಿ ಸಾಕು. ಕಾಯ್ದೆಯ 2ನೇ ಸೆಕ್ಷನ್ನಿನಲ್ಲೇ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಸೇರುತ್ತವೆ ಎಂದು ನೇರವಾಗಿ ಬರೆದಿದೆ.

ಮೊದಲು ಯಾವ ಹಕ್ಕು ಅಂತ ತಿಳಿದುಕೊಳ್ಳಿ

ಅರ್ಜಿ ನಮೂನೆಗಳು ಮೂರು. ನಮೂನೆ ‘ಎ’ ಮನೆ ಮತ್ತು ಸಾಗುವಳಿ ಭೂಮಿಗೆ. 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಅನುಭವದಲ್ಲಿರಬೇಕು, 4 ಹೆಕ್ಟೇರ್ ಮಿತಿ ಇದೆ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಹಕ್ಕುಪತ್ರ ಬರಬೇಕು, ಮಕ್ಕಳಿಗೆ ಹೋಗುತ್ತದೆ ಆದರೆ ಮಾರುವಂತಿಲ್ಲ.

ನಮೂನೆ ‘ಬಿ’ ಬಳಕೆಯ ಹಕ್ಕುಗಳಿಗೆ. ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ, ಬಿದಿರು, ಗೆಡ್ಡೆ ಗೆಣಸು, ಮೇವು, ಮೀನು, ದನ ಮೇಯಿಸುವುದು, ದೇವರ ಜಾಗಕ್ಕೆ ಹೋಗಿ ಬರುವುದು ಇವೆಲ್ಲ ಇದರಲ್ಲಿ ಬರುತ್ತವೆ. ಬೇಟೆ ಮಾತ್ರ ಇದರಲ್ಲಿ ಇಲ್ಲ, ಅದನ್ನು ಕಾಯ್ದೆ ಹೊರಗಿಟ್ಟಿದೆ.

ನಮೂನೆ ‘ಸಿ’ ನಾವು ಇಲ್ಲಿ ಮುಖ್ಯವಾಗಿ ಮಾತಾಡುತ್ತಿರುವುದು. ಹೆಸರು ಉದ್ದ: ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕು. ಕಾಯ್ದೆಯ ಸೆಕ್ಷನ್ 3(1)(ಐ). ಹಾಡಿಯ ಸಾಂಪ್ರದಾಯಿಕ ಗಡಿಯೊಳಗಿನ ಇಡೀ ಕಾಡನ್ನು ಕಾಪಾಡುವ, ಬೆಳೆಸುವ, ನಿರ್ವಹಿಸುವ ಅಧಿಕಾರ ಇದರಿಂದ ಬರುತ್ತದೆ. ಇದಕ್ಕೆ 4 ಹೆಕ್ಟೇರ್ ಮಿತಿ ಇಲ್ಲ. ನಿಮ್ಮ ಹಿರಿಯರು ಎಲ್ಲಿಯವರೆಗೆ ‘ನಮ್ಮ ಕಾಡು’ ಅಂತ ನಡೆದರೋ ಅಲ್ಲಿಯವರೆಗೆ ಕೇಳಬಹುದು. ಈ ನಮೂನೆ 2012ರ ನಿಯಮ ತಿದ್ದುಪಡಿಯಲ್ಲಿ ಬಂದದ್ದು, ಅದಕ್ಕಿಂತ ಮುಂಚೆ ಎಲ್ಲವೂ ‘ಬಿ’ಯಲ್ಲೇ ಹೋಗುತ್ತಿತ್ತು. ಹಾಗಾಗಿ ಮೊದಲೇ ‘ಬಿ’ ಹಕ್ಕುಪತ್ರ ಪಡೆದ ಹಾಡಿಗಳು ಅದರಲ್ಲಿ ನಿರ್ವಹಣೆಯ ಹಕ್ಕು ಸ್ಪಷ್ಟವಾಗಿ ಬರೆದಿದೆಯಾ ಅಂತ ತೆಗೆದು ಓದಬೇಕು. ಇಲ್ಲದಿದ್ದರೆ ‘ಸಿ’ ಈಗ ಹಾಕಿ. ಅರ್ಜಿ ಹಾಕುವುದಕ್ಕೆ ಕಾಯ್ದೆಯಲ್ಲಿ ಕೊನೆಯ ದಿನಾಂಕ ಇಲ್ಲ.

‘ಬಿ’ ಮತ್ತು ‘ಸಿ’ ಎರಡನ್ನೂ ಒಟ್ಟಿಗೆ ತಯಾರಿಸುವುದು ಒಳ್ಳೆಯದು. ಸಾಕ್ಷ್ಯ ಹೆಚ್ಚೂಕಡಿಮೆ ಒಂದೇ, ನಕ್ಷೆ ಒಂದೇ, ಕಾಡು ಸುತ್ತುವ ಕೆಲಸವೂ ಒಂದೇ ಸಲಕ್ಕೆ ಮುಗಿಯುತ್ತದೆ.

ಹಂತ 1: ಯಾರ ಗ್ರಾಮ ಸಭೆ?

ಎಷ್ಟೋ ಅರ್ಜಿಗಳು ಇಲ್ಲೇ ಕೆಡುತ್ತವೆ. ಪಂಚಾಯ್ತಿ ಕಚೇರಿಯಲ್ಲಿ ವರ್ಷಕ್ಕೆರಡು ಸಲ ನಡೆಯುವ ಗ್ರಾಮ ಸಭೆ ಬೇರೆ, ಈ ಕಾಯ್ದೆಯ ಗ್ರಾಮ ಸಭೆ ಬೇರೆ. ಒಂದು ಗ್ರಾಮ ಪಂಚಾಯ್ತಿಯಲ್ಲಿ ನಾಲ್ಕೈದು ಊರು, ಅವುಗಳ ಜೊತೆ ಎರಡು ಹಾಡಿ ಇರುತ್ತವೆ ಅಂದುಕೊಳ್ಳಿ. ಎಲ್ಲರನ್ನೂ ಕೂಡಿಸಿ ಸಭೆ ಮಾಡಿದರೆ ಹಾಡಿಯವರ ಮಾತು ಕೇಳುವವರು ಯಾರು? ಕಾಡಿನ ಜೊತೆ ಸಂಬಂಧವೇ ಇಲ್ಲದವರು ಕೈ ಎತ್ತಿ ಹಾಡಿಯ ಕಾಡಿನ ಬಗ್ಗೆ ತೀರ್ಮಾನ ಮಾಡುತ್ತಾರೆ.

ಕಾಯ್ದೆಯ ಪ್ರಕಾರ ‘ಗ್ರಾಮ’ ಅಂದರೆ ಅರಣ್ಯ ಗ್ರಾಮ, ಹಳೆಯ ವಾಸಸ್ಥಳ, ಸರ್ವೆ ಆಗದ ಜನವಸತಿ ಎಲ್ಲವೂ ಸೇರುತ್ತವೆ. ಕಂದಾಯ ದಾಖಲೆಯಲ್ಲಿ ಹೆಸರು ಇರಲೇಬೇಕು ಅಂತೇನಿಲ್ಲ. ಹಾಡಿಯ 18 ವರ್ಷ ತುಂಬಿದ ಎಲ್ಲರೂ ಸೇರಿದರೆ ಅದೇ ಗ್ರಾಮ ಸಭೆ. ಸೋಲಿಗರಲ್ಲಾದರೆ ಪೋಡು, ಜೇನುಕುರುಬರಲ್ಲಾದರೆ ಹಾಡಿ.

ಮಾಡಬೇಕಾದ್ದು ಏನು? ಈ ಕಾಯ್ದೆಯಡಿ ಮಾಡಿದ ನಿಯಮಾವಳಿಯ ನಿಯಮ 2ಎ ಪ್ರಕಾರ ಪಂಚಾಯ್ತಿ ತನ್ನ ವ್ಯಾಪ್ತಿಯ ಹಾಡಿಗಳ ಪಟ್ಟಿ ಮಾಡಿ ಠರಾವು ಮಾಡಿ, ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುವ ಉಪವಿಭಾಗ ಮಟ್ಟದ ಸಮಿತಿಗೆ ಕಳಿಸಬೇಕು. ಪಟ್ಟಿ ಅಂತಿಮ ಮಾಡುವುದು ಜಿಲ್ಲಾಧಿಕಾರಿ. ನಿಮ್ಮ ಹಾಡಿಯ ಹೆಸರು ಅದರಲ್ಲಿ ಇದೆಯಾ ಅಂತ ಪಿಡಿಒ ಹತ್ತಿರ ವಿಚಾರಿಸಿ. ಇಲ್ಲದಿದ್ದರೆ ಹಾಡಿಯವರು ಸಹಿ, ಹೆಬ್ಬೆಟ್ಟು ಹಾಕಿದ ಮನವಿ ಕೊಡಿ, ಒಂದು ಪ್ರತಿಯನ್ನು ಉಪವಿಭಾಗಾಧಿಕಾರಿ ಕಚೇರಿಗೂ ಕೊಡಿ. ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಗೆ ಸಮ. ಕಚೇರಿಯಲ್ಲಿ ಮುದ್ರೆ ಹಾಕಲು ಸತಾಯಿಸಿದರೆ ಸುಮ್ನೆ ವಾದ ಮಾಡಬೇಡಿ, ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಹಂತ 2: ಮೊದಲ ಸಭೆ, ಅರಣ್ಯ ಹಕ್ಕು ಸಮಿತಿ

ಮೊದಲ ಗ್ರಾಮ ಸಭೆಯನ್ನು ಪಂಚಾಯ್ತಿ ಕರೆಯಬೇಕು. ಆ ಸಭೆಯಲ್ಲಿ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಹೆಂಗಸರು ಇರಬೇಕು. ಅಧ್ಯಕ್ಷರು, ಕಾರ್ಯದರ್ಶಿಯನ್ನು ಸಮಿತಿಯೇ ಆರಿಸಿ ಉಪವಿಭಾಗ ಮಟ್ಟದ ಸಮಿತಿಗೆ ತಿಳಿಸಬೇಕು.

ಸಮಿತಿಗೆ ಯಾರನ್ನು ಹಾಕಬೇಕು? ಕಾಗದ ಓದುವ ಇಬ್ಬರು ಮೂವರು ಸಾಕು. ಮಿಕ್ಕವರು ಕಾಡು ಬಲ್ಲವರಾಗಿರಲಿ. ಯಾವ ಬಂಡೆಯಲ್ಲಿ ಹೆಜ್ಜೇನು ಕೂರುತ್ತದೆ, ಬೇಸಿಗೆಯಲ್ಲಿ ಯಾವ ಹಳ್ಳದಲ್ಲಿ ನೀರು ಉಳಿಯುತ್ತದೆ ಅಂತ ಹೇಳಬಲ್ಲ ಅಜ್ಜ ಅಜ್ಜಿಯರು ಬೇಕು. ಗೆಡ್ಡೆ, ಸೊಪ್ಪು, ಔಷಧಿ ಬೇರಿನ ಜಾಗ ಹೆಂಗಸರಿಗೇ ಜಾಸ್ತಿ ಗೊತ್ತಿರುತ್ತದೆ. ಅವರನ್ನು ಲೆಕ್ಕ ತುಂಬಿಸಲು ಹಾಕಿ ಮೂಲೆಯಲ್ಲಿ ಕೂರಿಸಿದರೆ ನಿಮ್ಮ ಅರ್ಜಿಯ ಅರ್ಧ ಸಾಕ್ಷ್ಯವನ್ನೇ ಬಿಟ್ಟ ಹಾಗೆ.

ಕೋರಂ ವಿಷಯದಲ್ಲಿ ಹುಷಾರಾಗಿರಿ. ಗ್ರಾಮ ಸಭೆಯ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದರೆ ಸಭೆ ನಡೆದ ಹಾಗಲ್ಲ. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಾಡಿಯಲ್ಲಿ 120 ವಯಸ್ಕರಿದ್ದರೆ 60 ಜನ ಬರಲೇಬೇಕು, ಅವರಲ್ಲಿ 20 ಜನ ಹೆಂಗಸರು. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಹಾಡಿಗಳಲ್ಲಿ ಕೊಯ್ಲಿನ ಕಾಲಕ್ಕೆ ಸಭೆ ಇಟ್ಟರೆ ಇದು ಆಗದ ಮಾತು. ತೋಟದ ರಜೆ ದಿನವೋ, ಸಂಜೆ ಹೊತ್ತೋ ನೋಡಿ ಇಡಿ.

ಒಂದು ನಡಾವಳಿ ಪುಸ್ತಕ ಕೊಳ್ಳಿ. ದಪ್ಪ ರಟ್ಟಿನದು, ಪುಟ ಸಂಖ್ಯೆ ಹಾಕಿದ್ದು. ಪ್ರತಿ ಸಭೆಗೂ ದಿನಾಂಕ, ಜಾಗ, ಸಮಯ, ಹಾಡಿಯ ಒಟ್ಟು ವಯಸ್ಕರ ಸಂಖ್ಯೆ, ಬಂದವರ ಸಂಖ್ಯೆ, ಅವರಲ್ಲಿ ಹೆಂಗಸರೆಷ್ಟು ಅಂತ ಮೇಲೆಯೇ ಬರೆಯಿರಿ. ಠರಾವು ಬರೆದು ಮುಗಿಸಿ, ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ‘ಆಮೇಲೆ ಬರೀತೀವಿ’ ಅನ್ನುವವರಿಗೆ, ಅದು ಪಂಚಾಯ್ತಿಯವರಾಗಲಿ ಸಂಘದವರಾಗಲಿ, ಪುಸ್ತಕ ಕೊಡಬೇಡಿ. ಆ ಪುಸ್ತಕ ಹಾಡಿಯಲ್ಲೇ ಇರಬೇಕು. ಪ್ರತಿ ಸಭೆ ಆದ ಮೇಲೆ ಪುಟಗಳ ಫೋಟೊ ತೆಗೆದು ಇಬ್ಬರು ಮೂವರ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಗ್ರಾಮ ಸಭೆಗೆ ಎಷ್ಟು ತೂಕವಿದೆ ಅನ್ನುವುದು ತಿಳಿಯಬೇಕಾದರೆ ಒಡಿಶಾದ ನಿಯಮಗಿರಿ ನೋಡಿ. ಅಲ್ಲಿ ಬಾಕ್ಸೈಟ್ ಗಣಿ ಮಾಡಬಹುದೇ ಅನ್ನುವ ಪ್ರಶ್ನೆ ಬಂದಾಗ, ಅಲ್ಲಿನ ಬುಡಕಟ್ಟು ಜನರಾದ ಡೋಂಗ್ರಿಯಾ ಕೊಂಧರ ಧಾರ್ಮಿಕ ಮತ್ತು ಸಮುದಾಯ ಹಕ್ಕನ್ನು ಗ್ರಾಮ ಸಭೆಗಳೇ ಪರಿಶೀಲಿಸಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ತೀರ್ಪು ಕೊಟ್ಟಿತು. ಬೆಟ್ಟದ 12 ಗ್ರಾಮ ಸಭೆಗಳು ಸೇರಿದವು. ಹನ್ನೆರಡೂ ಬೇಡ ಅಂದವು. ಗಣಿ ನಿಂತಿತು. ಆ ಊರುಗಳಲ್ಲಿ ಕೆಲವು ಬಹಳ ಚಿಕ್ಕವು, ಬೆರಳೆಣಿಕೆಯ ಮನೆಗಳವು.

ಹಂತ 3: ಸಾಕ್ಷ್ಯ ಕೂಡಿಸುವುದು

ನಿಯಮ 13 ಓದಿದರೆ ಧೈರ್ಯ ಬರುತ್ತದೆ. ಹಾಡಿಯ ಜನರ ಹತ್ತಿರ ಇರುವಂಥದ್ದನ್ನೇ ಅದು ಸಾಕ್ಷ್ಯ ಎಂದು ಒಪ್ಪುತ್ತದೆ. ಹಳೆಯ ಬಾವಿ, ಸ್ಮಶಾನ, ದೇವರ ಬನ, ಪೂಜೆಯ ಮರ, ದನ ಮೇಯುವ ಜಾಗ, ಗೆಡ್ಡೆ ಅಗೆಯುವ ಜಾಗ, ಮೀನು ಹಿಡಿಯುವ ಮಡು, ಕೆರೆಕಟ್ಟೆ, ವಂಶಾವಳಿ, ಹಿರಿಯರ ಹೇಳಿಕೆ. ಕನಿಷ್ಠ ಎರಡು ಬಗೆಯ ಸಾಕ್ಷ್ಯ ಬೇಕು. ಇಂಥದ್ದೇ ದಾಖಲೆ ತನ್ನಿ ಅಂತ ಮೇಲಿನ ಸಮಿತಿಗಳು ಹಠ ಹಿಡಿಯುವಂತಿಲ್ಲ ಎಂದು ನಿಯಮ 12ಎ ಹೇಳುತ್ತದೆ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಆಗಬಹುದು, ಅದೊಂದನ್ನೇ ಹಿಡಿದು ಅರ್ಜಿ ತಿರಸ್ಕರಿಸುವ ಹಾಗಿಲ್ಲ.

ಆದರೂ ಎರಡಕ್ಕೇ ನಿಲ್ಲಿಸಬೇಡಿ. ಕಾಗದದ ಸಾಕ್ಷ್ಯ ಎಲ್ಲಿ ಸಿಗುತ್ತದೆ ಅಂತ ಹುಡುಕಿ. ಹಳೆಯ ಮೈಸೂರು ಗೆಜೆಟಿಯರುಗಳು, ಜನಗಣತಿ ವರದಿಗಳು, ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆಗಳಲ್ಲಿ ಹಾಡಿಗಳ ಹೆಸರು, ಕಾಡಿನ ಕೆಲಸಕ್ಕೆ ಕರೆದ ಸೋಲಿಗರ, ಕುರುಬರ ಉಲ್ಲೇಖ ಸಿಗುತ್ತದೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಾಲದ ಅರಣ್ಯ ಕಡತಗಳಿವೆ. ಅರಣ್ಯ ಇಲಾಖೆಯ ದಾಖಲೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಲ್ಯಾಂಪ್ಸ್ ಸೊಸೈಟಿಗೆ (ಬುಡಕಟ್ಟು ಜನರ ಸಹಕಾರ ಸಂಘ) ಜೇನು, ನೆಲ್ಲಿಕಾಯಿ ಹಾಕಿದ ಹಳೆಯ ಚೀಟಿ, ಪಾಸ್‌ಬುಕ್ಕು ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಜೋಪಾನ ಮಾಡಿ. ಅರಣ್ಯ ಇಲಾಖೆ ಹಾಕಿದ ದಂಡದ ರಸೀದಿಯನ್ನೂ ಎಸೆಯಬೇಡಿ. ನೀವು ಆ ದಿನ ಆ ಕಾಡಿನಲ್ಲಿ ಇದ್ದಿರಿ ಅಂತ ಇಲಾಖೆಯೇ ಬರೆದುಕೊಟ್ಟ ಕಾಗದ ಅದು.

ಹಿರಿಯರ ಹೇಳಿಕೆ ಬರೆಯುವಾಗ ಅವರ ಮಾತಲ್ಲೇ ಬರೆಯಿರಿ. ‘ಅನಾದಿ ಕಾಲದಿಂದ ವಾಸವಾಗಿದ್ದೇವೆ’ ಅಂತ ಎಲ್ಲರ ಹೆಸರಲ್ಲೂ ಒಂದೇ ವಾಕ್ಯ ಟೈಪ್ ಮಾಡಿಸಿದರೆ ಯಾರೂ ನಂಬುವುದಿಲ್ಲ. ‘ನನ್ನ ಮದುವೆಗೆ ಮುಂಚೆ ಇಂಥ ಹಳ್ಳದ ದಡದಲ್ಲಿ ಒಂಬತ್ತು ಮನೆ ಇದ್ದವು, ಅಲ್ಲಿ ರಾಗಿ, ಅವರೆ ಚೆಲ್ಲುತ್ತಿದ್ದೆವು, ನಮ್ಮಪ್ಪನನ್ನು ಮಣ್ಣು ಮಾಡಿದ್ದು ಅಲ್ಲೇ’ ಅನ್ನುವ ಮಾತಿಗೆ ಬೆಲೆ ಇದೆ. ಅಂಥ ಜಾಗಕ್ಕೆ ಹೋದರೆ ಒಲೆಗಲ್ಲು, ಒರಳು, ಮಾವಿನ ಮರ, ಹಲಸಿನ ಮರ ಇನ್ನೂ ಸಿಗುತ್ತವೆ. ಫೋಟೊ ತೆಗೆದು ಹೇಳಿಕೆಯ ಜೊತೆ ಲಗತ್ತಿಸಿ.

ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳಿಗೆ ಇನ್ನೊಂದು ಷರತ್ತು ಇದೆ: 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಭಾಗದ ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ಅದೇ ತುಂಡು ಭೂಮಿಯನ್ನು 75 ವರ್ಷ ಉಳುಮೆ ಮಾಡಿರಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಮಲೆನಾಡಿನಲ್ಲಿ ಈ ಎರಡನ್ನು ಒಂದೇ ಎಂದು ಓದಿ ಎಷ್ಟೋ ಅರ್ಜಿಗಳನ್ನು ತಳ್ಳಿಹಾಕಿದ್ದಾರೆ.

ಹಂತ 4: ಗಡಿ ನಡೆಯುವುದು, ನಕ್ಷೆ ಬರೆಯುವುದು

ಈ ಕೆಲಸಕ್ಕೆ ಅವಸರ ಮಾಡಬೇಡಿ. ಇಡೀ ಪ್ರಕ್ರಿಯೆಯ ಜೀವ ಇದು.

ಮೊದಲು ಹಾಡಿಯ ಅಂಗಳದಲ್ಲಿ ನೆಲದ ಮೇಲೆ ನಕ್ಷೆ ಬಿಡಿಸಿ. ರಂಗೋಲಿ ಪುಡಿ, ಬೂದಿ, ಕಲ್ಲು, ಎಲೆ ಏನಾದರೂ ಸರಿ. ಹಿರಿಯರು ಹಳ್ಳ ಎಳೆಯಲಿ, ಬೆಟ್ಟ ಇಡಲಿ. ಎಲ್ಲರೂ ಸುತ್ತ ನಿಂತು ‘ಅಲ್ಲ, ಆ ಕಟ್ಟೆ ಈ ಕಡೆ’ ಅಂತ ಜಗಳ ಆಡಲಿ. ಜಗಳ ಆಡಿದಷ್ಟೂ ನಕ್ಷೆ ಸರಿಯಾಗುತ್ತದೆ. ಆಮೇಲೆ ಅದನ್ನು ದೊಡ್ಡ ಹಾಳೆಗೆ ಇಳಿಸಿ.

ಸೋಲಿಗರಲ್ಲಿ ಪ್ರತಿ ಕುಲಕ್ಕೂ ತನ್ನದೇ ಆದ ‘ಯಲ್ಲೆ’ ಇದೆ. ಒಂದೊಂದು ಯಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎನ್ನುವ ಪವಿತ್ರ ಜಾಗಗಳಿವೆ. ಕಲ್ಲುಗುಡಿ ಸತ್ತವರ ನೆನಪಿನ ಕಲ್ಲಿನ ಜಾಗ, ಅಬ್ಬಿ ನೀರಿನ ಒರತೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಹಿರಿಯರು ಸಂಶೋಧಕರ ಜೊತೆ ಕಾಡು ಸುತ್ತಿ ಈ ಜಾಗಗಳನ್ನೆಲ್ಲ ಗುರುತು ಹಾಕಿ ನಕ್ಷೆ ಮಾಡಿದರು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರವೂ ಅವರ ಪೂಜೆಯ ಜಾಗ. ಅರ್ಜಿಗೆ ಆ ನಕ್ಷೆ ದೊಡ್ಡ ಬಲವಾಯಿತು. ಇಲಾಖೆಯ ನಕ್ಷೆಯಲ್ಲಿ ಕಂಪಾರ್ಟ್‌ಮೆಂಟ್ ನಂಬರು ಮಾತ್ರ ಇದ್ದ ಕಡೆಯೆಲ್ಲ ಸೋಲಿಗರ ಹೆಸರುಗಳು ಬಂದವು.

ಗಡಿ ನಡೆಯಲು ಹೊರಡುವಾಗ ಒಬ್ಬ ಹಿರಿಯರು ಮುಂದೆ ಇರಲಿ. ಒಬ್ಬರ ಕೈಯಲ್ಲಿ ಮೊಬೈಲು, ಇನ್ನೊಬ್ಬರ ಕೈಯಲ್ಲಿ ನೋಟ್‌ಬುಕ್ಕು. ಹಿರಿಯರು ನಿಂತ ಕಡೆ ನೀವೂ ನಿಲ್ಲಿ. ಅವರು ಸುಮ್ಮನೆ ನಿಲ್ಲುವುದಿಲ್ಲ. ಮತ್ತಿ ಮರದ ಬುಡದಲ್ಲಿ ಪಾಚಿ ಹಿಡಿದ ಮೂರು ಕಲ್ಲು ಇರುತ್ತದೆ, ಅವರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ, ನಿಮ್ಮ ಕಣ್ಣಿಗೆ ಆಗಷ್ಟೇ ಅದು ದೇವರ ಜಾಗ ಅಂತ ಕಾಣುತ್ತದೆ. ಆ ಬಿಂದುವಿನಲ್ಲಿ ಜಿಪಿಎಸ್ ಗುರುತು ಹಾಕಿ. ನೋಟ್‌ಬುಕ್ಕಿನಲ್ಲಿ ನಾಲ್ಕು ವಿಷಯ ಬರೆಯಿರಿ: ಜಾಗದ ಹೆಸರು, ಅಲ್ಲಿ ಏನಿದೆ, ಯಾರು ಯಾವಾಗ ಅಲ್ಲಿಗೆ ಬರುತ್ತಾರೆ, ಅಲ್ಲಿಂದ ಏನು ಸಿಗುತ್ತದೆ. ‘ಮಾಗಳಿ ಬೇರು, ಮಳೆ ಬಿದ್ದ ಮೇಲೆ’ ಅಂತ ಬರೆದ ಒಂದು ಸಾಲು ನಾಳೆ ನಮೂನೆ ‘ಬಿ’ಯಲ್ಲಿ ಒಂದು ಹಕ್ಕಾಗಿ ಕೂರುತ್ತದೆ. ಆನೆ ಇರುವ ಕಾಡು, ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಟು ಮಧ್ಯಾಹ್ನದೊಳಗೆ ವಾಪಸ್ಸಾಗಿ. ಒಂದೇ ದಿನಕ್ಕೆ ಮುಗಿಸಬೇಕು ಅಂತೇನಿಲ್ಲ.

ಜಿಪಿಎಸ್ ಇಲ್ಲ ಅಂತ ಕೈಕಟ್ಟಿ ಕೂರಬೇಡಿ. ಗುರುತಿಸಬಹುದಾದ ಹೆಗ್ಗುರುತುಗಳೊಂದಿಗೆ ಕೈಯಲ್ಲೇ ಬರೆದ ನಕ್ಷೆ ಇದ್ದರೂ ಅರ್ಜಿ ಹಾಕಬಹುದು. ಕೊನೆಯಲ್ಲಿ ಚಕ್ಕುಬಂದಿ ಬರೆಯಿರಿ: ಪೂರ್ವಕ್ಕೆ ಯಾವ ಹಳ್ಳ, ಪಶ್ಚಿಮಕ್ಕೆ ಯಾವ ಬೆಟ್ಟದ ಏಣು, ಉತ್ತರ ದಕ್ಷಿಣಕ್ಕೆ ಯಾವ ಹಾಡಿಯ ಕಾಡು. ಹಾಡಿಯನ್ನು ಹಿಂದೆ ಎತ್ತಂಗಡಿ ಮಾಡಿದ್ದರೆ ಹಳೆಯ ಹಾಡಿಯ ಜಾಗವನ್ನೂ ಗಡಿಯೊಳಗೆ ಸೇರಿಸಿ. ಪುನರ್ವಸತಿ ಇಲ್ಲದೆ ಅಕ್ರಮವಾಗಿ ಹೊರಹಾಕಿದವರಿಗೆ ಸೆಕ್ಷನ್ 3(1)(ಎಂ) ಅಡಿ ಬೇರೆಯೇ ಹಕ್ಕಿದೆ.

ಹಂತ 5: ಪಕ್ಕದ ಹಾಡಿಯ ಜೊತೆ ಕೂರುವುದು

ಗಡಿ ಅಂದ ಮೇಲೆ ಪಕ್ಕದವರ ಗಡಿಯೂ ತಾಗುತ್ತದೆ. ಒಂದೇ ಬಂಡೆಯ ಜೇನಿಗೆ ಎರಡು ಹಾಡಿಯವರು ಹೋಗುವುದು ಹೊಸದಲ್ಲ. ಕಾಯ್ದೆಯೂ ಇದನ್ನು ಒಪ್ಪುತ್ತದೆ. ಪಕ್ಕದ ಗ್ರಾಮ ಸಭೆಗೆ ಮೊದಲೇ ಪತ್ರ ಕೊಡಬೇಕು. ಎರಡೂ ಅರಣ್ಯ ಹಕ್ಕು ಸಮಿತಿಗಳು ಒಟ್ಟಿಗೆ ಕೂತು ಮಾತಾಡಿ ಬರೆದುಕೊಳ್ಳಬೇಕು. ಗೆರೆ ಎಳೆಯಲು ಆಗದ ಕಡೆ ‘ಈ ಜಾಗ ಇಬ್ಬರಿಗೂ ಸೇರಿದ್ದು’ ಅಂತಲೇ ಬರೆಯಿರಿ. ದನ ಕುರಿ ತರುವ ಕುರಿಗಾಹಿಗಳು ವರ್ಷಕ್ಕೊಮ್ಮೆ ಹಾದುಹೋಗುತ್ತಿದ್ದರೆ ಅವರಿಗೂ ಋತುಮಾನದ ಹಕ್ಕು ಇದೆ ಅನ್ನುವುದು ನೆನಪಿರಲಿ. ಮಾತು ಮುರಿದು ಬಿದ್ದರೆ ಮಾತ್ರ ಉಪವಿಭಾಗ ಮಟ್ಟದ ಸಮಿತಿಗೆ ಹೋಗುವುದು. ಅಲ್ಲಿಯವರೆಗೆ ಬಿಡದೆ ಇರುವುದೇ ಜಾಣತನ.

ಹಂತ 6: ಸ್ಥಳ ಪರಿಶೀಲನೆ

ದಿನ ಗೊತ್ತು ಮಾಡಿ ಅರಣ್ಯ ಮತ್ತು ಕಂದಾಯ ಇಲಾಖೆಗೆ ಲಿಖಿತ ನೋಟಿಸ್ ಕೊಡಿ. ವಲಯ ಅರಣ್ಯಾಧಿಕಾರಿ, ಗ್ರಾಮ ಆಡಳಿತಾಧಿಕಾರಿ ಇಬ್ಬರಿಗೂ. ಅವರು ಹಾಜರಿದ್ದು, ದಿನಾಂಕ ಹಾಕಿ, ಅಭಿಪ್ರಾಯ ಬರೆದು ಸಹಿ ಮಾಡಬೇಕು ಎಂದು ನಿಯಮ ಇದೆ. ಬಾರದಿದ್ದರೆ? ಇನ್ನೊಂದು ದಿನಾಂಕಕ್ಕೆ ಮತ್ತೊಂದು ನೋಟಿಸ್ ಕೊಡಿ. ಆಗಲೂ ಬಾರದಿದ್ದರೆ ಸಮಿತಿಯೇ ಪರಿಶೀಲನೆ ಮುಗಿಸಿ, ಮಹಜರು ಬರೆದು, ನೋಟಿಸಿನ ಸ್ವೀಕೃತಿಯನ್ನು ಲಗತ್ತಿಸಿ ಮುಂದೆ ಹೋಗಲಿ. ‘ನಾವು ಇರಲಿಲ್ಲ’ ಅಂತ ಆಮೇಲೆ ತಕರಾರು ಬಂದರೆ ಆ ಸ್ವೀಕೃತಿಯೇ ಉತ್ತರ.

ಬಂದ ಅಧಿಕಾರಿಯನ್ನು ಮರ್ಯಾದೆಯಿಂದ ಕರೆದುಕೊಂಡು ಹೋಗಿ. ನೀರು ಕೊಡಿ, ಮಾತಾಡಿ. ಕಾಡು ಗೊತ್ತಿರುವ ಗಾರ್ಡು, ವಾಚರುಗಳು ಎಷ್ಟೋ ಕಡೆ ಹಾಡಿಯ ಮಕ್ಕಳೇ. ಆದರೆ ಅವರು ಬರೆದದ್ದನ್ನು ಅಲ್ಲೇ ಓದಿಸಿ ಕೇಳಿ. ತಪ್ಪಿದ್ದರೆ ನಿಮ್ಮ ಆಕ್ಷೇಪವನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಹಂತ 7: ಠರಾವು, ಮತ್ತು ಅರ್ಜಿ ಮೇಲಕ್ಕೆ

ಸಮಿತಿಯ ವರದಿಯನ್ನು ಮತ್ತೆ ಗ್ರಾಮ ಸಭೆಯ ಮುಂದೆ ಇಡಿ. ಅದೇ ಕೋರಂ ಬೇಕು. ಹಕ್ಕಿನ ಅರ್ಜಿಯ ಠರಾವಿಗೆ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಬಹುಮತದ ಠರಾವು ಆದ ಮೇಲೆ ಕಡತ ಕಟ್ಟಿ: ನಮೂನೆ, ನಕ್ಷೆ, ಚಕ್ಕುಬಂದಿ, ಸಾಕ್ಷ್ಯಗಳು, ನೋಟಿಸುಗಳು, ಮಹಜರು, ಠರಾವಿನ ಪ್ರತಿ, ಹಾಜರಾತಿ. ಪ್ರತಿ ಹಾಳೆಗೂ ಪುಟ ಸಂಖ್ಯೆ. ಮೂರು ಸೆಟ್ಟು ಜೆರಾಕ್ಸ್ ಮಾಡಿಸಿ. ಮೂಲ ದಾಖಲೆ ಕೈಬಿಡಬೇಡಿ.

ಉಪವಿಭಾಗ ಮಟ್ಟದ ಸಮಿತಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು, ಜಿಲ್ಲಾ ಮಟ್ಟದ ಸಮಿತಿಗೆ ಜಿಲ್ಲಾಧಿಕಾರಿ. ಎರಡರಲ್ಲೂ ಅರಣ್ಯ ಇಲಾಖೆ, ಬುಡಕಟ್ಟು ಕಲ್ಯಾಣದ ಅಧಿಕಾರಿ, ಪಂಚಾಯ್ತಿ ಸದಸ್ಯರು ಇರುತ್ತಾರೆ. ಅರಣ್ಯ ಇಲಾಖೆ ಒಬ್ಬ ಸದಸ್ಯ ಮಾತ್ರ. ಆ ಇಲಾಖೆ ಒಪ್ಪಿಲ್ಲ ಅಂತ ಅರ್ಜಿ ತಾನಾಗಿ ಬಿದ್ದುಹೋಗುವುದಿಲ್ಲ. ತೀರ್ಮಾನ ಸಮಿತಿಯದು.

ತಿರಸ್ಕಾರ ಮಾಡಿದರೆ

ಬಾಯಿಮಾತಿನಲ್ಲಿ ‘ರಿಜೆಕ್ಟ್ ಆಗಿದೆ’ ಅಂದರೆ ಒಪ್ಪಬೇಡಿ. ಕಾರಣ ಬರೆದ ಹಿಂಬರಹ ಕೇಳಿ. ತಿರಸ್ಕಾರವನ್ನು ಕಾರಣ ಸಮೇತ ಲಿಖಿತವಾಗಿ ಕೊಡಬೇಕು, ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ಅಲ್ಲಿಂದ 60 ದಿನದಲ್ಲಿ ಮೇಲ್ಮನವಿ. ಗ್ರಾಮ ಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ. ನಿಮ್ಮ ಮಾತು ಕೇಳದೆ ವಿರುದ್ಧ ತೀರ್ಪು ಕೊಡುವಂತಿಲ್ಲ. ದಾಖಲೆ ಅಪೂರ್ಣ ಅನ್ನಿಸಿದರೆ ಗ್ರಾಮ ಸಭೆಗೇ ವಾಪಸ್ ಕಳಿಸಿ ಮತ್ತೆ ನೋಡಲು ಹೇಳಬೇಕೇ ಹೊರತು ನೇರ ತಿರಸ್ಕರಿಸುವಂತಿಲ್ಲ. ಜಿಲ್ಲಾ ಸಮಿತಿಯದು ಕಾಯ್ದೆಯೊಳಗಿನ ಕೊನೆಯ ಮಾತು. ಅಲ್ಲೂ ನ್ಯಾಯ ಸಿಗದಿದ್ದರೆ ಹೈಕೋರ್ಟ್. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪರಿಶಿಷ್ಟ ಪಂಗಡದವರಿಗೆ ಉಚಿತ ವಕೀಲರನ್ನು ಕೊಡುತ್ತದೆ.

ಈ 60 ದಿನಗಳನ್ನು ಹಗುರವಾಗಿ ತಗೊಳ್ಳಬೇಡಿ. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕಿ ಎಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತ್ತು. ಅದೇ ತಿಂಗಳ 28ರಂದು ತಡೆ ಬಂತು. ತಿರಸ್ಕಾರದ ಹಿಂದೆ ಸರಿಯಾದ ವಿಚಾರಣೆ ನಡೆದಿತ್ತೇ ಅನ್ನುವ ಪ್ರಶ್ನೆಯೇ ಆಗ ಮುಂದೆ ಬಂದದ್ದು. ಹಿಂಬರಹ, ಮೇಲ್ಮನವಿ, ಸ್ವೀಕೃತಿ ಇದ್ದವರು ಅಂಥ ಹೊತ್ತಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ.

ಅರ್ಜಿ ವಿಚಾರಣೆಯಲ್ಲಿರುವಾಗ ಎತ್ತಂಗಡಿ ನೋಟಿಸ್ ಬಂದರೆ ಸೆಕ್ಷನ್ 4(5) ತೋರಿಸಿ: ಹಕ್ಕು ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಪುನರ್ವಸತಿಗೆ ಗ್ರಾಮ ಸಭೆಯ ಲಿಖಿತ ಒಪ್ಪಿಗೆ ಬೇಕು, ಆ ಒಪ್ಪಿಗೆ ಹೆದರಿಸಿ ಪಡೆದದ್ದಾಗಿರಬಾರದು. ಪರಿಶಿಷ್ಟ ಪಂಗಡದವರ ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದು 2015ರ ತಿದ್ದುಪಡಿಯ ನಂತರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ದಶಕಗಳ ನಂತರ ಮರಳಿ ಹೋಗಿ ನಿಂತದ್ದು ಈ ಕಾಯ್ದೆಯ ಹೆಸರು ಹೇಳಿಯೇ.

ಹಕ್ಕುಪತ್ರ ಕೈಗೆ ಬಂದ ದಿನ

ಹಾರ ತುರಾಯಿ, ಫೋಟೊ ಎಲ್ಲ ಇರಲಿ. ಆದರೆ ಅಂದೇ ಕೂತು ಸಾಲು ಸಾಲಾಗಿ ಓದಿ. ಹಕ್ಕುಪತ್ರ ಗ್ರಾಮ ಸಭೆಯ ಹೆಸರಲ್ಲಿದೆಯಾ, ಇಲ್ಲಾ ಅರಣ್ಯ ಇಲಾಖೆ ರಚಿಸಿದ ಗ್ರಾಮ ಅರಣ್ಯ ಸಮಿತಿಯ ಹೆಸರಲ್ಲಿದೆಯಾ? ಗ್ರಾಮ ಸಭೆಯದೇ ಆಗಿರಬೇಕು. ನೀವು ಬರೆದ ಚಕ್ಕುಬಂದಿ ಪೂರ್ತಿ ಬಂದಿದೆಯಾ? ‘ಅರಣ್ಯ ಇಲಾಖೆಯ ಅನುಮತಿಗೆ ಒಳಪಟ್ಟು’ ಅನ್ನುವ ಷರತ್ತು ನುಸುಳಿದೆಯಾ? ಕಾಯ್ದೆಯಲ್ಲಿ ಇಲ್ಲದ ಷರತ್ತು ಹಾಕಿದ್ದರೆ ಕೂಡಲೇ ತಿದ್ದುಪಡಿ ಕೇಳಿ. ಮೂರು ತಿಂಗಳೊಳಗೆ ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ಈ ಹಕ್ಕು ನಮೂದಾಗಬೇಕು, ಅಂತಿಮ ನಕ್ಷೆ ತಯಾರಾಗಬೇಕು. ಅದನ್ನೂ ಬೆನ್ನು ಹತ್ತಿ ಮಾಡಿಸಿ.

ಆಡಳಿತ ಶುರು ಮಾಡುವುದು

ನಿಯಮ 4(1)(ಇ) ಪ್ರಕಾರ ಗ್ರಾಮ ಸಭೆ ಕಾಡು, ವನ್ಯಜೀವಿ, ನೀರು ಕಾಯುವ ಒಂದು ಸಮಿತಿ ಮಾಡಬೇಕು. ಸಮಿತಿ ನಿರ್ವಹಣಾ ಯೋಜನೆ ಬರೆಯುತ್ತದೆ, ಗ್ರಾಮ ಸಭೆ ಒಪ್ಪುತ್ತದೆ. ಯೋಜನೆ ದೊಡ್ಡ ಪುಸ್ತಕ ಆಗಬೇಕಿಲ್ಲ. ಹಾಡಿಗೆ ಗೊತ್ತಿರುವುದನ್ನೇ ಬರೆಯಿರಿ. ನೆಲ್ಲಿ ಮರದ ಕೊಂಬೆ ಮುರಿಯದೆ ಕಾಯಿ ಕೀಳುವುದು, ಜೇನಿನ ತಟ್ಟಿನಲ್ಲಿ ಮರಿ ಇರುವ ಭಾಗ ಬಿಡುವುದು, ಪ್ರಾಣಿ ಪಕ್ಷಿಗೆ ಒಂದಷ್ಟು ಹಣ್ಣು ಉಳಿಸುವುದು. ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ‘ತರಗು ಬೆಂಕಿ’ ಹಾಕಿ ಒಣಗಿದ ತರಗೆಲೆಯನ್ನು ನೆಲಮಟ್ಟದಲ್ಲಿ ಸುಡುತ್ತಿದ್ದರು. ಅದು ನಿಂತ ಮೇಲೆ ಲಾಂಟಾನ ಕಳೆ ಹಬ್ಬಿತು, ಹುಲ್ಲು ಕಡಿಮೆಯಾಯಿತು ಅನ್ನುವುದು ಅವರು ಮೊದಲಿನಿಂದ ಹೇಳುತ್ತಾ ಬಂದ ಮಾತು. ಲಾಂಟಾನ ಕೀಳುವ ಕೆಲಸವನ್ನು ಯೋಜನೆಯಲ್ಲಿ ಹಾಕಿ, ಉದ್ಯೋಗ ಖಾತ್ರಿಯ ಕೂಲಿ ಅದಕ್ಕೆ ಕೇಳಿ.

ಜೇನು, ನೆಲ್ಲಿಕಾಯಿ, ಬಿದಿರಿನಂಥ ಕಿರು ಅರಣ್ಯ ಉತ್ಪನ್ನ ಸಾಗಿಸಲು ರವಾನೆ ಪರವಾನಗಿ ಕೊಡುವುದೂ ಈ ಸಮಿತಿಯೇ. ಸರ್ಕಾರಕ್ಕೆ ರಾಯಧನ ಕಟ್ಟಬೇಕಿಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಊರಿಗೆ 2009ರಲ್ಲಿ ಸುಮಾರು 1800 ಹೆಕ್ಟೇರ್ ಕಾಡಿನ ಹಕ್ಕು ಸಿಕ್ಕಿತು. ಬಿದಿರು ಮಾರಲು ಮಾತ್ರ ಇಲಾಖೆಯ ಪಾಸ್ ಬೇಕು ಅನ್ನುವ ತಕರಾರು ಉಳಿಯಿತು. 2011ರಲ್ಲಿ ಕೇಂದ್ರ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಅವರೇ ಊರಿಗೆ ಹೋದರು, ಆಗ ಪಾಸ್ ಪುಸ್ತಕ ಗ್ರಾಮ ಸಭೆಯ ಕೈಗೆ ಬಂತು. ಹಕ್ಕುಪತ್ರ ಬಂದ ಮೇಲೂ ಎರಡು ವರ್ಷ ಅವರು ಪಟ್ಟು ಬಿಡಲಿಲ್ಲ ಅನ್ನುವುದನ್ನು ಗಮನಿಸಿ. ‘ದಿಲ್ಲಿ ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮ ಊರಲ್ಲಿ ನಾವೇ ಸರ್ಕಾರ’ ಅನ್ನುವ ಘೋಷಣೆ ಆ ಊರಿನದೇ.

ಹಾಡಿಗೆ ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಬೇಕಾದರೆ ಸೆಕ್ಷನ್ 3(2) ಬಳಸಿ. ಇಂಥ 13 ಬಗೆಯ ಸೌಕರ್ಯಕ್ಕೆ ಗ್ರಾಮ ಸಭೆಯ ಶಿಫಾರಸಿನ ಮೇಲೆ ತಲಾ 1 ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು, ಹೆಕ್ಟೇರಿಗೆ 75 ಮರ ಮೀರಿ ಕಡಿಯಬಾರದು. ‘ಕಾಡಿನೊಳಗೆ ಕರೆಂಟು ಕೊಡೋಕಾಗಲ್ಲ’ ಅನ್ನುವ ಮಾತಿಗೆ ಇದೇ ಉತ್ತರ.

ಹಣದ ವಿಷಯ ಬಂದಾಗ ಬಹಳ ಎಚ್ಚರ ಬೇಕು. ಮಾರಾಟದ ದುಡ್ಡು ಗ್ರಾಮ ಸಭೆಯ ಬ್ಯಾಂಕ್ ಖಾತೆಗೇ ಬರಲಿ. ಸಹಿ ಮಾಡುವವರು ಇಬ್ಬರಿರಲಿ, ಒಬ್ಬರು ಹೆಂಗಸಾಗಿರಲಿ. ಎಷ್ಟು ಬಂತು, ಎಷ್ಟು ಹೋಯ್ತು ಅನ್ನುವುದನ್ನು ಪ್ರತಿ ಸಭೆಯಲ್ಲೂ ಓದಿ ಹೇಳಿ, ಅದೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹಾಡಿ ಒಡೆಯುವುದು ಹೆಚ್ಚಾಗಿ ಲೆಕ್ಕ ತೋರಿಸದ ಕಡೆಯೇ. ಮೊದಲ ವರ್ಷ ಒಂದೇ ಉತ್ಪನ್ನದಿಂದ, ಜೇನೋ ನೆಲ್ಲಿಕಾಯಿಯೋ, ಶುರು ಮಾಡಿ. ಅದರ ಲೆಕ್ಕ ಸರಿಯಾಗಿ ಕೂತ ಮೇಲೆ ಮುಂದಿನದಕ್ಕೆ ಕೈ ಹಾಕಿ.